ಬೀಗರಿಗೆ ಬಾರದ ಧಾಟಿ

ಶ್ರೀನಿವಾಸಪುರ
20-5-1983

ಚಿರಂಜೀವಿ ಅನಸೂಯಳಿಗೆ ದೊಡ್ಡಮ್ಮನ ಆಶೀರ್ವಾದ.

ಕ್ಯಾಸೆಟ್ ಕಂಪನಿಯವರು ನಿನ್ನ ಪಾಪ್ ಹಾಡನ್ನು ಬಿಡುಗಡೆ ಮಾಡಲಿಲ್ಲ, ಇನ್ನು ಹಾಡುವುದಿಲ್ಲ ಎಂದು ಬರೆದಿದ್ದೀಯ. ನೀನು ಕೊಟ್ಟ ಟೇಪನ್ನು ನಾನು ದಿನವೂ ಕೇಳುತ್ತೇನೆ.

ಮೊನ್ನೆ ಸರೋಜಳ ಮದುವೆಯಲ್ಲಿ ಮುಳಬಾಗಿಲಿನ ಬೀಗರಿಗೂ ನಮಗೂ ಹಾಡಿನ ಪಂದ್ಯ ನಡೆಯಿತು. ನಾವು ಎತ್ತಿದ ಧಾಟಿಯಲ್ಲೇ ಅವರು ತಿರುಗಿ ಹಾಡಬೇಕು. ರೇಡಿಯೋದ ಧಾಟಿಗಳೆಲ್ಲ ಅವರಿಗೆ ಬಾಯಿಪಾಠ. ಕೊನೆಗೆ ನಾನೇ ನಿನ್ನ ಹಾಡನ್ನು ಎತ್ತಿದೆ. ಟೇಪಿನಲ್ಲಿ ಗಿಟಾರು ನಿಂತು ನಿನ್ನ ದನಿಯೊಂದೇ ಮೇಲೇರುವ ಜಾಗಕ್ಕೆ ಬರುವಷ್ಟರಲ್ಲಿ ಎದುರಿನವರು ಧಾಟಿ ಹಿಡಿಯಲಾರದೆ ಸೋಲೊಪ್ಪಿದ್ದರು.

“ಇದ್ಯಾವ ಸಿನಿಮಾದ್ದಕ್ಕಾ?” ಎಂದರು ಬೀಗಿತ್ತಿ.

“ಅಂಗಡೀಲಿ ಸಿಗಲ್ಲಮ್ಮ. ನಮ್ಮನೆ ಹುಡುಗೀದು” ಅಂದೆ.

ಹಾಡು ಬಿಡುವ ಮಾತನ್ನು ಇನ್ನೊಮ್ಮೆ ಬರೆಯಕೂಡದು. ದೀಪಾವಳಿಗೆ ಬೀಗರು ಬರುತ್ತಾರೆ. ಅಷ್ಟರಲ್ಲಿ ಸರೋಜಳಿಂದ ಇದನ್ನು ಕಲಿತಿರುತ್ತಾರೆ. ಹೊಸದೊಂದನ್ನು ಹಾಡಿ ಕಳಿಸು.

ನಿನ್ನ ದೊಡ್ಡಮ್ಮ,
ವೆಂಕಟರತ್ನಮ್ಮ