ಅಪ್ಪನ ಕಾರಿನ ಆಯಿಲ್

ದೀಪಣ್ಣ, ನೀನು ಮಲಗಿದ್ದೆ, ಎಬ್ಬಿಸ್ನಿಲ್ಲ. ಕಾಲೇಜ್ ಬಸ್ಸಿಗೆ ಹೊಂಟೆ, ಅದಕ್ಕೆ ನಿನ್ ಫೋನಲ್ಲೇ ಟೈಪ್ ಮಾಡಿಟ್ಟಿವ್ನಿ.

ಇವತ್ತು ಅಪ್ಪನ ಕಾರು ಗ್ಯಾರೇಜಿಗೆ ತಗಂಡೋಗಿ ಇಂಜಿನ್ ಆಯಿಲ್ ಚೇಂಜ್ ಮಾಡ್ಸು. "ಹೈಬ್ರಿಡ್ ಕಣೇ, ಓಡೇ ಇಲ್ಲ, ಹತ್ತು ಸಾವಿರ ಕಿಲೋಮೀಟರ್ ಆಗ್ಲಿ" ಅನ್ಬೇಡ. ನಿಂತಿದ್ರೂ ವರ್ಷಕ್ಕೊಂದ್ಸಲ ಮಾಡಿಸ್ಬೇಕಂತೆ. ಮೊನ್ನೆ ಬ್ಯಾಟ್ರಿ ಚಾರ್ಜ್ ಮಾಡಕ್ಕೆ ಬಂದಾಗ ಗ್ಯಾರೇಜ್ ಮತೀನಣ್ಣನೇ ಹೇಳ್ದ. ಅಪ್ಪ ಮಾಡ್ಸಿದ್ದು ತೀರ್ಕೊಳೋ ಹಿಂದಿನ ವಾರ. ಅವರ ವರ್ಷದ ಕಾರ್ಯಾನೂ ಆಗೋಯ್ತಲ್ಲ.

ಅವ್ವ ಶುಕ್ರವಾರ ಶುಕ್ರವಾರ ಬಟನ್ ಒತ್ತಿ ಕಾರೊಳಗೆ ಕೂತ್ಕತದಲ್ಲ, ಬ್ರೇಕೇ ತುಳಿಯಲ್ಲ ಕಣಣ್ಣ. ಬ್ರೇಕ್ ತುಳೀದೆ ಬಟನ್ ಒತ್ತಿದ್ರೆ ಕಾರು ಸ್ಟಾರ್ಟ್ ಆಗಲ್ಲ, ಬರೀ ಲೈಟ್ ಹತ್ಕತವೆ. ಹೈಬ್ರಿಡ್ ಬ್ಯಾಟ್ರಿಲಿದ್ದಾಗ ಸದ್ದು ಮಾಡಲ್ಲ ಅಂತ ಅಪ್ಪ ಹೇಳಿದ್ರಲ್ಲ, ಅದಕ್ಕೇ ಸ್ಟಾರ್ಟ್ ಆಗೈತೆ ಅಂದ್ಕಂಡೈತೆ. ನಂಗೆ ಹೇಳಕ್ಕಾಗ್ನಿಲ್ಲ.

ಅಪ್ಪನ ಸೀಟಲ್ಲಿ ಕೂರಕ್ಕೆ ನಿಂಗೆ ಆಗಲ್ಲ, ಗೊತ್ತು. ಆದ್ರೂ ಆಯಿಲ್ ಹಾಕಿಸ್ಕಂಡ್ ಬಂದು ಅವ್ವನ್ನ ಸಾವನದುರ್ಗದ ಕಡೆ ಒಂದು ರೌಂಡ್ ಕರ್ಕಂಡೋಗು. ಏರಲ್ಲಿ ಇಂಜಿನ್ ಸದ್ದು ಬಂದೇ ಬತ್ತದೆ. ಅವ್ವ ಅತ್ರೆ ಅಳ್ಲಿ, ನೀನು ರೋಡ್ ನೋಡು.