ಕೆಂಪು ಮಣಿಯ ದಿನ

೧೧-೯-೨೦೦೭, ಮಂಗಳವಾರ
ಮುಟ್ಟಳ್ಳಿಯಲ್ಲಿ ಆರೋಗ್ಯ ಯೋಜನೆಯ ನನ್ನ ಹನ್ನೆರಡೂ ಮನೆ ಮುಗಿಸಿ ಬಂದೆ. ಬಸಿರು ತಡೆಯಲು ದಿನ ಎಣಿಸುವ ಮಣಿಮಾಲೆ ಕೊಟ್ಟು ಆರು ತಿಂಗಳು. ಒಂದು ಕೇಸೂ ಫೇಲಾಗಿಲ್ಲ. ಹೊರಗೆ ಕೂತ ಮೊದಲ ದಿನ ಕೆಂಪು ಮಣಿಗೆ ರಬ್ಬರ್ ಉಂಗುರ, ಆಮೇಲೆ ದಿನಕ್ಕೊಂದು ಮಣಿ ಮುಂದೆ, ಬಸಿರಾಗಬಹುದಾದ ಬಿಳಿ ಮಣಿಯ ದಿನಗಳಲ್ಲಿ ಗಂಡನಿಂದ ದೂರ. ಮಾತ್ರೆಯಿಲ್ಲ, ಕಾಪರ್-ಟಿ ಇಲ್ಲ. ಇಷ್ಟು ಹೇಳಿಕೊಡುವುದರಲ್ಲಿ ಗಂಟಲು ಹರಿದುಹೋಗಿದೆ.
ಮಾಲಿನಿಗೆ ಮಾತ್ರ ಒಂದೇ ಸಲಕ್ಕೆ ಅರ್ಥವಾಗಿತ್ತು. ಹೈಸ್ಕೂಲಿನಲ್ಲಿ ನನ್ನದೇ ಬೆಂಚು. ಮಕ್ಕಳು ಎರಡೂ ಸಿಜೇರಿಯನ್. ಇನ್ನೊಂದು ಬಸಿರು ಸದ್ಯ ಬೇಡವೇ ಬೇಡ ಎಂದಿದ್ದಾರೆ ಡಾಕ್ಟರು.

೨೦-೯, ಗುರುವಾರ
ನಿನ್ನೆ ಮಾಲಿನಿಯ ಮನೆಯ ಐದು ದಿನದ ಗಣಪತಿ ಮುಳುಗಿಸಿದರು. ಇವತ್ತು ಅವಳು ಜಗಲಿಯ ಮೂಲೆಯಲ್ಲಿ ಚಾಪೆ ಹಾಕಿ ಕೂತಿದ್ದಳು.
"ಇವತ್ತೇ ರೇಖಾ. ಉಂಗುರ ಕೆಂಪಿಗೆ ಹಾಕಿ ಆತು."
ಅವಳ ಕಾರ್ಡಿನಲ್ಲಿ ತಾರೀಕು ಬರೆದುಕೊಂಡೆ. ಅವಳ ಅತ್ತೆ ಚೌಡಮ್ಮನ ಬಲಗೈಗೆ ಪ್ಲಾಸ್ಟರ್. ಎಡಗೈಯಲ್ಲೇ ಪಂಚಕಜ್ಜಾಯ ತಂದುಕೊಟ್ಟರು. "ಈ ಸಲ ನೈವೇದ್ಯ ಎಲ್ಲ ಸೊಸೆಯೇ ಮಾಡಿದ್ದು. ಹಬ್ಬ ಮುಗಿಯೂವರೆಗೆ ಅವಳು ಹೊರಗಾಗದ ಹಾಂಗೆ ದೇವರೇ ಕಾದ" ಎಂದರು. ಎರಡು ಸಲ ಕೇಳಿ ತಿಂದೆ.

೨೨-೧೧
ಮಾಲಿನಿ ಬಸುರಿ. ಭಟ್ಕಳದಲ್ಲಿ ಟೆಸ್ಟ್ ಮಾಡಿಸಿದರಂತೆ. ನನಗೆ ಹೇಳಿದ್ದು ಅಂಗನವಾಡಿ ಟೀಚರ್. ಅವಳಲ್ಲ.

೨೬-೧೧, ಸೋಮವಾರ
ಅಂಗನವಾಡಿಯಲ್ಲಿ ಮೀಟಿಂಗ್. ಹೊನ್ನಾವರದಿಂದ ಸೂಪರ್‌ವೈಸರ್ ಮೇಡಂ ಬಂದಿದ್ದರು. ಮಾಲೆ ತಕೊಂಡ ಹನ್ನೆರಡು ಜನರೂ ಇದ್ದರು. ಚೌಡಮ್ಮ ಎದ್ದು ನಿಂತರು.
"ಹುಡುಗಿ ಜೀವಕ್ಕೆ ಎಂತಾದ್ರೂ ಆದ್ರೆ ಯಾರು ನೋಡೂದು?"
ಮೇಡಂ ಮಾಲಿನಿಯನ್ನು ಕೇಳಿದರು. ತಲೆ ತಗ್ಗಿಸಿಯೇ ಹೇಳಿದಳು — "ರೇಖಾ ಹೇಳ್ದಾಂಗೇ ಮಾಡಿದ್ದೆ. ಅವಳೇ ದಿನ ತಪ್ಪು ಹೇಳಿರ್ಬೇಕು."
ಮೈ ಉರಿದುಹೋಯಿತು. ಏಳು ಜನ ಅಲ್ಲೇ ಮಾಲೆ ವಾಪಸ್ ಕೊಟ್ಟರು.

೨೭-೧೧
ಮಾಲಿನಿ ಬಸ್ ಸ್ಟಾಪಿಗೆ ಬಂದಳು. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ.
"ನಾನು ಹೊರಗಾಗಿದ್ದು ಚೌತಿ ಹಿಂದಿನ ದಿನವೇ. ಅತ್ತೆ ಕೈ ಮುರ್ದಿತ್ತು, ಅಡುಗೆಗೆ ಬೇರೆ ಯಾರಿದ್ರು? ಯಾರಿಗೂ ಹೇಳ್ಲಿಲ್ಲ. ಗಣಪತಿ ಮುಳುಗಿಸಿದ ಮೇಲೇ ಹೊರಗೆ ಕೂತೆ, ಉಂಗುರಾನೂ ಅವತ್ತೇ ಹಾಕಿದೆ. ಆರು ದಿನಕ್ಕೆ ಎಂತ ಆಗೂದು ಅಂದ್ಕಂಡೆ. ಈಗ ಬಾಯಿ ಬಿಟ್ರೆ ಅತ್ತೆ ನನ್ನ ಮನೇಲಿ ಇಡೂದಿಲ್ಲ."
"ನನ್ನ ಕೆಲ್ಸ ಹೋದ್ರೆ?"
"ನಿನಗೆ ಬೇರೆ ಸಿಕ್ತದೆ."
ಬಸ್ ಬಂತು. ಹತ್ತಿದೆ. ತಿರುಗಿ ನೋಡಲಿಲ್ಲ.

೨೯-೧೧, ಸಂಜೆ ಆರು
ನಾಳೆ ವರದಿ ಕೊಡಬೇಕು. 'ವಿಫಲತೆಗೆ ಕಾರಣ' — ನಾಲ್ಕು ಸಾಲು ಜಾಗ. ಮುಂದಿನ ಮೀಟಿಂಗಿನಲ್ಲಿ ಎಲ್ಲರೆದುರು ಓದುತ್ತಾರೆ. ಚೌಡಮ್ಮನ ಎದುರೂ. ಮಾಲಿನಿ ಮಾಡಿದ್ದನ್ನು ಇದ್ದಂತೆ ಬರೆದೆ. ಹೊಡೆದುಹಾಕಿದೆ. ನನ್ನದೇ ತಪ್ಪೆಂದು ಬರೆಯಹೋದೆ. ಕೈ ಬರಲಿಲ್ಲ. ನಾನ್ಯಾಕೆ ಬರೆಯಲಿ?
ಉಳಿದವರ ಕಾರ್ಡು ತೆಗೆದು ಕೂತೆ. ಸೋಮಿ — ಸೆಪ್ಟೆಂಬರ್ ಇಪ್ಪತ್ತು. ಸುಕ್ರಿ — ಇಪ್ಪತ್ತು. ಮಹಾಲಕ್ಷ್ಮೀ — ಇಪ್ಪತ್ತೊಂದು. ಚೌತಿಯ ಐದು ದಿನದಲ್ಲಿ ಹನ್ನೆರಡು ಹೆಂಗಸರಲ್ಲಿ ಒಬ್ಬಳೂ ಹೊರಗೆ ಕೂತಿಲ್ಲ. ಎಲ್ಲ ನನ್ನದೇ ಅಕ್ಷರ. ನನಗೇ ಕಂಡಿಲ್ಲ.
ಅಂದರೆ ಸೋಮವಾರ ಅವಳು ನನ್ನ ಹೆಸರು ಹೇಳಿದಾಗ, ನಿಜ ಏನೆಂದು ಅಲ್ಲಿದ್ದ ಮಾಲೆಯ ಹೆಂಗಸರಿಗೆಲ್ಲ ಗೊತ್ತಿತ್ತು; ಅವರೂ ಹಬ್ಬಕ್ಕೆ ದಿನ ಮುಚ್ಚಿಟ್ಟವರೇ. ನನ್ನ ಮುಖ ನೋಡುತ್ತಲೇ ಕೂತಿದ್ದರು. ಒಬ್ಬಳಾದರೂ ಎದ್ದು —