ಹುಣಸೆಹಣ್ಣಿನಲ್ಲಿ ತೊಳೆದ ರೂಪಾಯಿ

ಇಂಡಿ
19-11-2024, ಮಂಗಳವಾರ

ಅವ್ವನಿಗೆ ನಿನ್ನ ಜಯಾಳ ಶರಣು.

ನೀನು ಬಸ್ಸಿಗೆ ಕೊಟ್ಟು ಕಳಿಸಿದ ಬುತ್ತಿ ಮುಟ್ಟಿತು. ಕಡಕ್ ರೊಟ್ಟಿ ಒಂದೂ ಮುರಿದಿಲ್ಲ. ಶೇಂಗಾ ಹಿಂಡಿಗೆ ಮಾತ್ರ ಖಾರದ ಕೈ ಜೋರಾಗಿದೆ, ಮೂಗು ಕಣ್ಣು ಎರಡೂ ಸುರಿದವು. ಡಬ್ಬಿ ಖಾಲಿ ಕಳಿಸಿದರೆ ನೀನು ಸುಮ್ಮನಿರುವವಳಲ್ಲ, ಅದಕ್ಕೇ ಇಂಡಿ ಲಿಂಬೆಹಣ್ಣು ತುಂಬಿದ್ದೇನೆ. ಲಿಂಬೆಯ ಕೆಳಗೆ ಈ ಪತ್ರ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನಗೆ ಕಿವಿ ಮಂದ. ಇಲ್ಲಿ ನಾನು ಕೂಗಬೇಕು, ಅಲ್ಲಿ ನೀನು ಕೂಗುತ್ತೀ, ನಿಮ್ಮ ಓಣಿಗೆಲ್ಲ ಪುಕ್ಕಟೆ ಸುದ್ದಿ. ಈ ಮಾತು ಓಣಿಗೆ ಹೋಗುವಂಥದ್ದಲ್ಲ. ಕುಂತು ಓದು, ಒಲೆಯ ಮುಂದೆ ಓದಬೇಡ.

ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ಹಂದಿ ರೂಪಾಯಿ ವಾಪಸ್ ಬಂತು.

ಅದೇ, ನಿಮ್ಮವ್ವ, ನಮ್ಮ ಆಯಿ, ನಿನ್ನ ಉಡಿಯಲ್ಲಿ ಹಾಕಿದ್ದ ಬೆಳ್ಳಿ ರೂಪಾಯಿ. ಬ್ರಿಟಿಷ್ ರಾಜನ ನಿಲುವಂಗಿಯ ಮೇಲೆ ಆನೆ ಬಿಡಿಸಲು ಹೋಗಿ ಸೊಂಡಿಲು ಮೋಟಾಗಿ ಹಂದಿಯಂತೆ ಕಂಡಿತಂತೆ. ಜನ ಛೀ ಎಂದರಂತೆ, ಸರಕಾರ ವಾಪಸ್ ತರಿಸಿ ಕರಗಿಸಿತಂತೆ. ಉಳಿದವಕ್ಕೆ ಈಗ ಬೆಲೆ. ಇದನ್ನೆಲ್ಲ ಹೇಳಿದಾಗ ನೀನು, "ಪೆಟಗ್ಯಾಗ ಇಟ್ರ ಏನ್ ಮರಿ ಹಾಕತೈತೇನು, ಮಾರು," ಎಂದು ನಕ್ಕೆ. ದೀಪಾವಳಿಗೆ ಗೆಳತಿ ಮೆಹನಾಜಳೂ ನನ್ನ ಜೊತೆ ಮನೆಗೆ ಬಂದಿದ್ದಳಲ್ಲ, ಆಗ ಅವಳ ಅಂಗೈ ಮೇಲೆ ಇಟ್ಟು ಫೋಟೋ ತೆಗೆದೆವು. ಲಕ್ಷ್ಮೀ ಪೂಜೆಗೆ ಇಟ್ಟ ನಾಣ್ಯ ಪೂಜೆ ಕದಲಿಸುವತನಕ ಮುಟ್ಟಬಾರದು ಎಂದೆ ನೀನು. ಸರಿ ಎಂದು ನಾನು ಬಿಟ್ಟು ಬಂದೆ. ಇಲ್ಲಿ ನಾನು ಹಳೆಯ ನಾಣ್ಯ ಮಾರುವ ಮೊಬೈಲ್ ಗುಂಪಿನಲ್ಲಿ ಹರಾಜು ಏರುತ್ತ ಹೋಯಿತು. ಲಿಂಬೆ ಬಜಾರದ ಸವಾಲಿನಲ್ಲಿ ಕೂಗುವವರಂತೆ ಹೈದರಾಬಾದಿನವರು, ಪುಣೆಯವರು ಒಬ್ಬರ ಮೇಲೊಬ್ಬರು ಏರಿಸಿದರು. ಕಡೆಗೆ ಗೆದ್ದವರು ನಮ್ಮ ಚಡಚಣದ ರಾಮಚಂದ್ರ ಮಾಸ್ತರರು, ನನ್ನ ಹಳೆಯ ಗಿರಾಕಿ. ಪೂಜೆ ಮುಗಿದ ಮೇಲೆ ನೀನೇ ಕೊರಿಯರಿಗೆ ಕೊಟ್ಟೆ.

ಕೊಡುವ ಮುಂಚೆ ನೀನು ಅದನ್ನು ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿದೆ. ರಂಗೋಲಿ ಪುಡಿಯೂ ಬಿದ್ದಿದೆ ಅದರ ಮೇಲೆ, ಗೆರೆ ನೋಡಿದರೆ ಗೊತ್ತಾಗುತ್ತದೆ. ನೂರು ವರ್ಷ ಕುಂತು ಹಿಡಿದಿದ್ದ ನೀಲಿ-ಕಪ್ಪು ಮಾಸಲು ಬಣ್ಣ ಒಂದು ಮಧ್ಯಾಹ್ನಕ್ಕೆ ಹೋಯಿತು. ಆ ಮಾಸಲಿಗೇ ಅವ್ವಾ ಜನ ದುಡ್ಡು ಕೊಡುವುದು! ಬೆಳ್ಳಗಿದ್ದುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಹೇಳುವವಳು ನೀನು. ನಾನು ಕಳೆದ ವರ್ಷ ಕೇಳಿದ, ಕೂಸಿದ್ದಾಗಿನ ನನ್ನ ಉಡದಾರದ ತೂತಿನ ದುಡ್ಡು ಕಳೆದುಹೋಯಿತು ಎಂದೆಯಲ್ಲ, ಅದು ಕಳೆದಿರಲಿಕ್ಕಿಲ್ಲ. ತಿಕ್ಕಿ ತಿಕ್ಕಿ ಕರಗಿಸಿರಬೇಕು.

ಮಾಸ್ತರರು ಒಳ್ಳೆಯವರು, ಬೈಯಲಿಲ್ಲ. ಫೋನ್ ಮಾಡಿ ಇಷ್ಟೇ ಅಂದರು: "ಬಾಯೀ, ಫೋಟೋದಾಗಿಂದು ಬ್ಯಾರೆ ಐತಿ, ಡಬ್ಬ್ಯಾಗ ಬಂದದ್ದು ಬ್ಯಾರೆ ಐತಿ. ನಾ ಹೆಂಗ ಇಟಗೊಳ್ಳಿ?" ನನಗೆ ಮುಖ ಎಲ್ಲಿ ಇಡಲಿ ಅನಿಸಿತು. ಕೆಟ್ಟ ನಾಣ್ಯವನ್ನು ಕೆಟ್ಟದ್ದು ಎಂದು ಹೇಳಿ ಮಾರಿದರೆ ಯಾರೂ ವಾಪಸ್ ಕಳಿಸುವುದಿಲ್ಲ ಅವ್ವಾ. ತೋರಿಸಿದ್ದೊಂದು ಕೊಟ್ಟದ್ದೊಂದು ಆದಾಗಲೇ ಕಳಿಸುತ್ತಾರೆ. ಈ ಧಂದೆಯಲ್ಲಿ ನಾನು ಕಲಿತದ್ದು ಇದೊಂದೇ.

ಈಗ ನಿಜವಾದ ಮಾತಿಗೆ ಬರುತ್ತೇನೆ.

ರವಿವಾರ ಸಿಂದಗಿಯವರು ನನ್ನನ್ನು ನೋಡಲು ಅಲ್ಲಿಗೆ ಬರುತ್ತಾರೆ. ಶ್ರೀಶೈಲಣ್ಣ ಅವರಿಗೆ ಕಳಿಸಿದ ಫೋಟೋದಲ್ಲಿ ನನ್ನ ಎರಡೂ ಕೈ ಸೆರಗಿನೊಳಗೆ ಇವೆ. ನೀನೇ ಹೊದಿಸಿ ನಿಲ್ಲಿಸಿದ್ದು. ಮೊನ್ನೆ ನೀನು ಮೆಹನಾಜಳಿಗೆ ಫೋನ್ ಮಾಡಿ, ಮೊಣಕೈತನಕ ದಟ್ಟ ಮೆಹಂದಿ ಹಚ್ಚು, ಒಂದು ಕಾಳಿನಷ್ಟೂ ಜಾಗ ಬಿಡಬೇಡ ಎಂದೆಯಂತೆ. ಅವಳು ಬಂದು ನನ್ನ ಮುಂದೆ ಕುಂತು ಹೇಳಿದಳು: "ಅವ್ವಾರು ಹೇಳ್ಯಾರ, ಹಚ್ಚತೇನಿ. ಆದ್ರ ಖರೇ ಹೇಳ್ತೇನಿ ಜಯಾ, ನಿನ್ನ ಕೈಮ್ಯಾಲೆ ಹಚ್ಚಿದ್ರ ಮುಚ್ಚೂದಿಲ್ಲ, ಇನ್ನಾ ಎದ್ದು ಕಾಣತೈತಿ." ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ನಾನು ಅತ್ತೆ.

ನೀನು ಅದನ್ನು ಬಿಳುಪು ಅನ್ನುತ್ತೀ. ಅದು ತೊನ್ನು. ನನ್ನ ಹನ್ನೆರಡನೆಯ ವಯಸ್ಸಿನಿಂದ ನೀನು ಆ ಶಬ್ದ ಬಾಯಲ್ಲಿ ತಂದಿಲ್ಲ. ಬಾವಂಚಿ ಎಣ್ಣೆ ಹಚ್ಚಿ ಬಿಸಿಲಲ್ಲಿ ಕೂಡಿಸಿದೆ, ವಿಜಯಪುರದ ಡಾಕ್ಟರರು ಇದು ಯಾರಿಗೂ ಅಂಟುವುದಿಲ್ಲ, ಬಿಟ್ಟುಬಿಡಿ ಎಂದ ಮೇಲೂ ಹಚ್ಚಿದೆ. ನನ್ನ ಮೊದಲ ನಾಣ್ಯ ಅಂಗೈಯಲ್ಲಿಟ್ಟು ಫೋಟೋ ತೆಗೆದು ಐಶ್ವರ್ಯಾ ವೈನಿಯ ಮೊಬೈಲಿಗೆ ಕಳಿಸಿದ್ದು ನೆನಪಿದೆಯೇ? ನೀನು ನಾಣ್ಯ ಹೊಗಳಿ, "ಕೈ ಬ್ಯಾಡವ್ವ, ಕೈ ಕಾಣಸಬ್ಯಾಡ," ಎಂದೆ. ಅಂದಿನಿಂದ ಮೆಹನಾಜಳ ಕೈ. ನನ್ನ ಝೆರಾಕ್ಸ್ ಅಂಗಡಿಯ ಮುಂದೆಯೇ ಅವಳ ಮೆಹಂದಿ ಅಂಗಡಿ, ಕರೆದರೆ ಬರುತ್ತಾಳೆ. ಗಿರಾಕಿಗಳು ನನ್ನನ್ನು ಮೆಹಂದಿ ಕೈಯವಳು ಎಂದೇ ಗುರುತಿಸುತ್ತಾರೆ. ಹೊಗಳಿಕೆ ಬಂದಾಗಲೆಲ್ಲ ನಾನು ನನ್ನ ಕೈ ಮೇಜಿನ ಕೆಳಗೆ ಇಟ್ಟುಕೊಂಡು ಓದುತ್ತೇನೆ.

ಆ ಕೈಯೂ ಈಗ ಹೋಗುತ್ತದೆ. ಮೆಹನಾಜಳ ಮದುವೆ ಗೊತ್ತಾಗಿದೆ, ಬಸವನ ಬಾಗೇವಾಡಿಗೆ ಕೊಡುತ್ತಿದ್ದಾರೆ. ಯಾರ ಕೈ ಬಾಡಿಗೆ ತರಲಿ ಎಂದು ನಾನು ಗೊಣಗಿದೆ. ಅವಳು ನನ್ನ ಕೈ ಹಿಡಿದು ಮೇಜಿನ ಮೇಲಿಟ್ಟು ತನ್ನ ಅಂಗಡಿಗೆ ಹೋದಳು.

ನೋಡಲು ಬರುವ ಹುಡುಗ ಚೇತನಕುಮಾರ ಎರಡು ಸಲ ಫೋನ್ ಮಾಡಿದ್ದ. ಅಣ್ಣನೇ ನಂಬರು ಕೊಟ್ಟಿದ್ದ, ಸಿಟ್ಟಾಗಬೇಡ. ಸಿಂದಗಿಯಲ್ಲಿ ಹನಿ ನೀರಾವರಿಯ ಪೈಪಿನ ಅಂಗಡಿ ಇದೆಯಲ್ಲ, ಅಲ್ಲಿಂದ ಮಾತಾಡುತ್ತಾನೆ, ನಡುನಡುವೆ ಗಿರಾಕಿಗೆ ಪೈಪಿನ ಅಳತೆ ಹೇಳುತ್ತಾನೆ. ನಾಣ್ಯದ ಬಗ್ಗೆ ಕೇಳಿದ. ನಗುವ ಮನುಷ್ಯ. ನನಗೆ ಆತ ಹಿಡಿಸಿದ್ದಾನೆ ಅವ್ವಾ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ನಾನು ಯಾಕೆ ಇಷ್ಟು ಅಂಜಿದ್ದೇನೆ ಎಂದು ನಿನಗೆ ತಿಳಿಯುವುದಿಲ್ಲ.

ಮೆಹಂದಿ ಎಷ್ಟು ದಿನ ಇರುತ್ತದೆ? ಅದು ಮಾಸಿದ ದಿನ ಆ ಮನೆಯಲ್ಲಿ ನಾನು ನೀರು ಕೊಡಲು ಕೈ ಚಾಚುತ್ತೇನೆ. ಆಗ ಅವರು, ಫೋಟೋದಾಗಿಂದು ಬ್ಯಾರೆ ಐತಿ ಎಂದರೆ? ರೂಪಾಯಿ ವಾಪಸ್ ಬಂತು, ನಾನು ಬಿಚ್ಚಿ ಡ್ರಾವರಿನಲ್ಲಿ ಹಾಕಿದೆ. ನನ್ನನ್ನು ಹಿಂದಕ್ಕೆ ಕಳಿಸಿದರೆ ನೀನು ಎಲ್ಲಿ ಇಡುತ್ತೀ ಅವ್ವಾ?

ನಾನು ನಾಣ್ಯ, ನನ್ನ ಕಲೆಗೆ ಬೆಲೆ ಜಾಸ್ತಿ ಎಂದು ಹೇಳುತ್ತಿಲ್ಲ. ತೊನ್ನಿಗೆ ಯಾರೂ ಸವಾಲು ಏರಿಸುವುದಿಲ್ಲ, ಅಷ್ಟು ಹುಚ್ಚಿ ನಾನಲ್ಲ. ನೋಡಿ ಬೇಡ ಅಂದರೆ ನಾಲ್ಕು ದಿನ ಅತ್ತು ಅಂಗಡಿ ತೆಗೆಯುತ್ತೇನೆ. ನೋಡದೆ ಒಪ್ಪಿಕೊಂಡರೆ ದಿನಾ ಅಂಜಬೇಕು. ಶನಿವಾರ ಸಂಜೆ ಬಸ್ಸಿಗೆ ಬರುತ್ತೇನೆ. ಮೆಹಂದಿ ಹಚ್ಚಿಕೊಳ್ಳುವುದಿಲ್ಲ. ಅರ್ಧ ತೋಳಿನ ಕುಪ್ಪಸ ಹಾಕಿಕೊಳ್ಳುತ್ತೇನೆ. ನೀನು ನನ್ನ ಪಕ್ಕದಲ್ಲಿ ಕೂಡುತ್ತೀಯೋ, ಅಡುಗೆಮನೆಯಲ್ಲಿ ಕೂಡುತ್ತೀಯೋ, ಅದಷ್ಟು ಹೇಳು. ಅಣ್ಣ ವೈನಿಗೆ ನನ್ನ ನಮಸ್ಕಾರ ತಿಳಿಸು.

ಸಿಟ್ಟಿದ್ದರೂ ನಿನ್ನವಳೇ ಆದ
ಜಯಾ

ತಾ.ಕ.: ಒಂದು ಮಾತು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ತೊಳೆದ ರೂಪಾಯಿಯನ್ನು ಇಂದು ಮುಂಜಾನೆ ಮತ್ತೆ ಹರಾಜಿಗೆ ಹಾಕಿದ್ದೇನೆ. ಈ ಸಲ ನನ್ನ ಕೈಯಲ್ಲಿ ಹಿಡಿದು. ಕೆಳಗೆ, "ನಮ್ಮವ್ವ ಪ್ರೀತಿಯಿಂದ ಹುಣಸೆಹಣ್ಣು ಹಾಕಿ ತೊಳೆದಿದ್ದಾಳೆ" ಎಂದು ಬರೆದಿದ್ದೇನೆ. ಮೊದಲು ಕೂಗಿದವರು ಅದೇ ರಾಮಚಂದ್ರ ಮಾಸ್ತರರು, ಕಡಿಮೆಗೆ, ಆದರೆ ನೋಡಿ ಕೂಗಿದ್ದಾರೆ. ಆ ಫೋಟೋವನ್ನು ಸಿಂದಗಿಗೂ ಕಳಿಸಿಬಿಟ್ಟೆ, ಚೇತನಕುಮಾರನ ವಾಟ್ಸಾಪಿಗೆ. ನೋಡಿದ್ದಾನೆ, ನೀಲಿ ಗೆರೆ ಬಂದಿವೆ. ಉತ್ತರ ಬಂದಿಲ್ಲ.

~

ಮುದ್ದೇಬಿಹಾಳ
21-11-2024, ಗುರುವಾರ

ಚಿರಂಜೀವಿ ಜಯಮಾಲಾಳಿಗೆ ಅವ್ವ ರುಕ್ಮವ್ವನ ಆಶೀರ್ವಾದ.

ಲಿಂಬೆಹಣ್ಣು ಮುಟ್ಟಿದವು, ಕೆಳಗಿನವು ಒಡೆದಿದ್ದವು. ರಸ ತಾಗಿ ನಿನ್ನ ಪತ್ರದ ಅಕ್ಷರ ಕಲಸಿವೆ. ನನ್ನನ್ನು ಬೈದ ಜಾಗ ಮಾತ್ರ ಎಲ್ಲ ಸ್ವಚ್ಛ ಓದಲು ಬರುತ್ತವೆ.

ರೂಪಾಯಿ ತೊಳೆದದ್ದಕ್ಕೆ ನಾನು ತಪ್ಪಾಯಿತು ಅನ್ನುವುದಿಲ್ಲ. ಮಂದಿಗೆ ಕೊಡುವ ವಸ್ತು ತೊಳೆದು ಕೊಡಬೇಕು. ನಮ್ಮವ್ವ ಉಡಿಯಲ್ಲಿ ಹಾಕುವ ಅಡಕೆಯನ್ನೂ ಒರೆಸಿ ಹಾಕುತ್ತಿದ್ದಳು. ಆ ಮಾಸ್ತರರು ಎಂಥವರೋ, ಹೊಲಸೇ ಬೇಕಂತೆ. ನೀನು ಮೊದಲೇ ಹೇಳಿದ್ದರೆ ನನ್ನ ಬೆರಳು ನೋಯುತ್ತಿರಲಿಲ್ಲ.

ಒಲೆಯ ಮುಂದೆ ಓದಬೇಡ ಅಂದಿದ್ದೆ, ಅಲ್ಲೇ ಓದಿದೆ, ರೊಟ್ಟಿ ಕರಕಾಯಿತು. ನನ್ನನ್ನು ಒಂದು ಮಾತು ಕೇಳದೆ ಸಿಂದಗಿಗೆ ಫೋಟೋ ಕಳಿಸಿದೆಯಲ್ಲ ಎಂದು ಸಿಟ್ಟು ಬಂತು. ಶ್ರೀಶೈಲನ ಮೇಲೆ ಕೂಗಾಡಿದೆ, ಅವನೇನು ಮಾಡಿದ್ದ ಪಾಪ. ಮಧ್ಯಾಹ್ನ ಮತ್ತೆ ಓದಿದೆ. ನನ್ನನ್ನು ಎಲ್ಲಿ ಇಡುತ್ತೀ ಎಂದು ನೀನು ಬರೆದ ಕಡೆ ನಿಂತುಬಿಟ್ಟೆ. ನನಗೆ ನಾಚಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ ಮಗಳೇ. ಇತ್ತು. ಅಂಜಿಕೆ ಅದಕ್ಕಿಂತ ದೊಡ್ಡದಿತ್ತು. ಮುಚ್ಚಿದರೆ ನಿನ್ನನ್ನು ಕಾದಂತೆ ಅಂದುಕೊಂಡಿದ್ದೆ. ನೀನು ಮೇಜಿನ ಕೆಳಗೆ ಕೈ ಇಟ್ಟುಕೊಂಡು ಕೂಡುತ್ತೀ ಎಂದು ನನಗೆ ಗೊತ್ತಿರಲಿಲ್ಲ.

ಉತ್ತರ ಬಂದಿಲ್ಲ ಎಂದು ನೀನು ಅಲ್ಲಿ ಒಬ್ಬಳೇ ಮೊಬೈಲು ನೋಡುತ್ತ ಕೂಡುವುದು ಕಣ್ಣಿಗೆ ಕಟ್ಟಿತು. ನಿನ್ನೆ ಸಂಜೆ ಶ್ರೀಶೈಲನಿಗೆ ಸಿಂದಗಿಗೆ ಫೋನ್ ಹಚ್ಚು ಎಂದೆ. ಹುಡುಗನ ಅಕ್ಕ ಭಾಗ್ಯಜ್ಯೋತಿ ಎತ್ತಿದಳು. ನಾನು ಕಟ್ಟೆಯ ಮೇಲೆ ಕೂತಿದ್ದೆ. ಅವಳಿಗೆ ಕೇಳಲಿ ಎಂದು ಜೋರಾಗಿ ಹೇಳಿದೆ: "ನನ್ನ ಮಗಳ ಎರಡೂ ಕೈಮ್ಯಾಲೆ ತೊನ್ನು ಐತ್ರಿ. ಅದು ಯಾರಿಗೂ ಹತ್ತಂಗಿಲ್ರಿ. ನೋಡಿ, ಮನಸ್ಸಿದ್ರ ಬರ್ರಿ." ಎಷ್ಟು ಜೋರಾಗಿತ್ತೋ ನನಗೆ ತಿಳಿಯಲಿಲ್ಲ. ತಲೆಯೆತ್ತಿ ನೋಡಿದರೆ ಎದುರು ಮನೆಯ ಮೋದಿನಸಾಬರು ಓದುತ್ತಿದ್ದ ಪೇಪರು ಕೆಳಗಿಳಿಸಿದ್ದರು, ನೀರು ತುಂಬುತ್ತಿದ್ದ ಹೆಂಗಸರು ನಳ ಬಂದ್ ಮಾಡಿದ್ದರು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ನಾನೇ ಓಣಿಗೆಲ್ಲ ಸಾರಿಬಿಟ್ಟಿದ್ದೆ. ನಗು ಬಂತು, ಅಳುವೂ ಬಂತು. ಮೋದಿನಸಾಬರು, "ಗೊತ್ತಿದ್ದದ್ದಾ ಐತೆಲ್ಲವಾ ರುಕ್ಮವ್ವ, ಅದಕ್ಯಾಕ ಇಷ್ಟ ಒದರ್ತಿ," ಎಂದು ಮತ್ತೆ ಪೇಪರು ಎತ್ತಿಕೊಂಡರು. ಓಣಿಗೆಲ್ಲ ಗೊತ್ತಿತ್ತಂತೆ ಜಯಾ. ನಾನೊಬ್ಬಳೇ ಮುಚ್ಚುತ್ತ ಕುಂತಿದ್ದೆ.

ಭಾಗ್ಯಜ್ಯೋತಿ ಹೇಳಿದ್ದು ನನಗೆ ಕೇಳಲಿಲ್ಲ, ಶ್ರೀಶೈಲ ಕಿವಿಯಲ್ಲಿ ಹೇಳಿದ. "ಫೋಟೋ ನೋಡೇವ್ರಿ ಅತ್ತಿ. ಮನಿಮಂದಿಯೆಲ್ಲಾ ನೋಡೇವಿ. ರೂಪಾಯಿ ಮ್ಯಾಲಿಂದು ಆನಿನೋ ಹಂದಿನೋ ಅಂತ ಎರಡು ದಿನದಿಂದ ನಮ್ಮ ಮನ್ಯಾಗ ಜಗಳ ನಡದೈತಿ. ಚೇತನ ಏನ್ ಉತ್ತರ ಬರೀಲಿ ಅಂತ ಬರದು ಬರದು ಅಳಸಾಕತ್ತಾನ. ರವಿವಾರ ಬರ್ತೇವಿ, ಆಕೀನಾ ಬಿಡಿಸಿ ಹೇಳ್ಲಿ," ಎಂದಳಂತೆ. ಮುಂದಿನದು ಹಣೆಬರಹ. ಬಂದವರು ಒಪ್ಪುತ್ತಾರೋ ಇಲ್ಲವೋ ಯಾರಿಗೆ ಗೊತ್ತು. ಆದರೆ ಬರುತ್ತಾರೆ, ನೋಡಿ ಬರುತ್ತಾರೆ.

ನಾನು ಅಡುಗೆಮನೆಯಲ್ಲಿ ಕೂಡುವುದಿಲ್ಲ. ನಿನ್ನ ಪಕ್ಕದಲ್ಲೇ ಕೂಡುತ್ತೇನೆ. ಕುಪ್ಪಸ ಹಸಿರು ಹಾಕಿಕೋ, ಅದು ನಿನಗೆ ಒಪ್ಪುತ್ತದೆ. ಮೆಹನಾಜಳನ್ನೂ ಕರೆದುಕೊಂಡು ಬಾ, ಮದುವೆ ಗೊತ್ತಾದವಳಿಗೆ ಊಟಕ್ಕೆ ಹಾಕಿ ಸೀರೆ ಕೊಡಬೇಕು.

ನಿನ್ನ ಹೆತ್ತವ್ವ
ರುಕ್ಮವ್ವ

ತಾ.ಕ.: ನಿನ್ನ ಉಡದಾರದ ತೂತಿನ ದುಡ್ಡು ಕಳೆದಿಲ್ಲ. ಕೊಟ್ಟರೆ ಮಾರಿಬಿಡುತ್ತೀ ಎಂದು ಸುಳ್ಳು ಹೇಳಿದ್ದೆ. ಈ ಪತ್ರದ ಜೊತೆ ಕಳಿಸಿದ ಬುತ್ತಿಯಲ್ಲಿ, ಹಿಂಡಿ ಡಬ್ಬಿಯ ಕೆಳಗೆ ಅರಿವೆಯಲ್ಲಿ ಕಟ್ಟಿ ಇಟ್ಟಿದ್ದೇನೆ, ಹುಡುಕಿಕೋ. ಮಾರಬೇಡ. ನಿನ್ನ ಕೈಯಲ್ಲಿ ಹಿಡಿದು ಫೋಟೋ ತೆಗೆದು ಐಶ್ವರ್ಯಾಳ ಮೊಬೈಲಿಗೆ ಕಳಿಸು, ಕೈ ಪೂರ್ತಿ ಕಾಣಲಿ. ಕೂಸಿದ್ದಾಗ ನಿನಗೆ ಹಚ್ಚಿದ ಎಣ್ಣೆ, ನಿನ್ನ ಬೆವರು ಎಲ್ಲ ಅದರ ಮೇಲೆ ಹಾಗೇ ಇವೆ. ಅದನ್ನು ಮಾತ್ರ ನಾನು ಯಾವತ್ತೂ ತೊಳೆದಿಲ್ಲ.